ಬೆಡ್‌ಶೀಟ್ ಗಾಡಿ

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಅಂಜಿನಮ್ಮ ಮಾತಿಗೆ ನಿಂತಳೆಂದರೆ, ಮೇಲೆ ಹೋಗುವ ಮೆಟ್ರೋ ರೈಲಿನ ಜನ ಅದನ್ನೇ ಅನೌನ್ಸ್‌ಮೆಂಟ್ ಎಂದುಕೊಂಡು ಒಂದು ಸ್ಟೇಷನ್ ಮೊದಲೇ ಇಳಿದುಬಿಡುತ್ತಿದ್ದರಂತೆ. ಹಾಗೆ ಇಳಿದವನೊಬ್ಬ ಅವಳ ಮಾತು ಕೇಳುತ್ತ ನಿಂತು, ಮುಗಿಸಿಕೊಂಡು ಮನೆಗೆ ಹೋಗುವಷ್ಟರಲ್ಲಿ ಅವನ ಮಗನಿಗೆ ಮೀಸೆ ಬಂದಿತ್ತಂತೆ. ಇದನ್ನು ಹೇಳಿದವಳೂ ಅಂಜಿನಮ್ಮನೇ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಕೊಂಡು ನಂಬಬೇಕು.

ಅವಳು ಅದೇ ಗಲ್ಲಿಯ ಅಂಗನವಾಡಿಯಲ್ಲಿ ಆಯಾ. ಅಡುಗೆ ಮಾಡುವುದು, ಕಸ ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಅದರ ಜೊತೆಗೆ ಯಾರೂ ಕೊಡದೆ ತಾನೇ ತೆಗೆದುಕೊಂಡ ಕೆಲಸ ಎರಡು. ಒಂದು, ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಮಕ್ಕಳಿಗೆ ಕಥೆ ಹೇಳುವುದು. ಇನ್ನೊಂದು, ಮಾತು ಬಾರದ ಮಕ್ಕಳಿಗೆ ಮಾತು ಬರಿಸುವುದು. ಗಲ್ಲಿಯಲ್ಲಿ ಯಾವ ಮಗುವಿನ ಮಾತು ತಡವಾದರೂ ತಾಯಂದಿರು ಭಾನುವಾರ ಬೆಳಿಗ್ಗೆ ಅವಳ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಅವಳು ಬಜೆಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನಿನಲ್ಲಿ ಕಲಸಿ, ಮಗುವಿನ ನಾಲಿಗೆಗೆ ಒಂದಿಷ್ಟು ಸವರಿ, ಅದು ಒಣಗುವ ತನಕ ಒಂದು ಕಥೆ ಹೇಳಿ ಕಳಿಸುತ್ತಿದ್ದಳು. ಹಾಸಿಗೆ ಅಂಗಡಿಯ ಚಾಂದ್ ಪಾಷಾನ ಮಗ ಲತೀಫನಿಗೆ ಕೈತಪ್ಪಿ ಸ್ವಲ್ಪ ಜಾಸ್ತಿ ಸವರಿಬಿಟ್ಟಿದ್ದಳು. ಅವನು ಈಗ ಫ್ಲ್ಯಾಟ್ ಮಾರುವ ಕೆಲಸದಲ್ಲಿದ್ದಾನೆ. ಬಾಡಿಗೆಗೆ ಮನೆ ಕೇಳಲು ಬಂದವರು ಅವನ ಮಾತು ಕೇಳಿ ಎರಡು ಮನೆ ಕೊಂಡು ಹೋಗುತ್ತಾರೆ.

ಇಂಥ ಅಂಜಿನಮ್ಮನ ಸ್ವಂತ ಮೊಮ್ಮಗಳಿಗೆ ಮಾತು ಬರಲಿಲ್ಲ.

ಮೋನಿಷಾಗೆ ಮೂರು ವರ್ಷ ನಾಲ್ಕು ತಿಂಗಳು. ಅಪ್ಪ, ಅಂದರೆ ಅಂಜಿನಮ್ಮನ ಮಗ ಮುರಳಿ, ಇಂದಿರಾನಗರದ ಕಡೆ ಬಾಡಿಗೆ ಕಾರು ಓಡಿಸುತ್ತಿದ್ದ, ಅಮ್ಮ ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ಮಗು ಹುಟ್ಟಿದ ಮೂರನೇ ತಿಂಗಳಿಂದ ಅಜ್ಜಿಯ ಸೊಂಟದ ಮೇಲೆಯೇ ಬೆಳೆದಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಚಪ್ಪಲಿ ತಾ ಎಂದರೆ ತರುತ್ತಿತ್ತು, ಬೆಕ್ಕು ಬಂತು ಎಂದರೆ ಬಾಗಿಲು ಹಾಕುತ್ತಿತ್ತು. ಬಾಯಿಂದ ಮಾತ್ರ ಒಂದು ಶಬ್ದವಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಕಿವಿ ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಕಿವಿ ಚೆನ್ನಾಗಿದೆ, ಮಗು ಚುರುಕಾಗಿದೆ," ಎಂದು ಮುಂದೆ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಜಿನಮ್ಮ ಬಜೆಯ ವಿಷಯ ಶುರು ಮಾಡಿದ್ದಳು. ಹಿಂದೆ ಸಾಲಿನಲ್ಲಿ ಕಾದಿದ್ದ ಹನ್ನೊಂದು ರೋಗಿಗಳು ಕಾದು ಕಾದು ತಾವಾಗಿಯೇ ವಾಸಿಯಾಗಿ ಮನೆಗೆ ಹೋದರು.

ಅಂಜಿನಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಮಾತು. ಮೊಮ್ಮಗಳು ಬಾಯಿ ಬಿಟ್ಟು 'ಅಜ್ಜಿ' ಅನ್ನಬೇಕು. ಊರ ಮಕ್ಕಳಿಗೆಲ್ಲ ಮಾತು ಬರಿಸಿದವಳಿಗೆ ಆ ಎರಡಕ್ಷರ ಸಾಲವಾಗಿ ಉಳಿದುಬಿಟ್ಟಂತೆ ಅನಿಸುತ್ತಿತ್ತು. ದಿನಾ ಬಜೆ ತೇಯ್ದಳು. ದಿನಾ ಮಾತಾಡಿದಳು. ಮೋನಿಷಾ ನೀರಿನ ಲೋಟದ ಕಡೆ ಕೈ ಎತ್ತಿ, ಆ ಕೈ ಅರ್ಧ ದಾರಿ ಹೋಗುವಷ್ಟರಲ್ಲಿ, "ನೀರ್ ಬೇಕಾ ಬಂಗಾರಿ? ಬೇಕು ಅನ್ನು. ಬೇಕಂತೆ ನನ್ ಚಿನ್ನಂಗೆ. ತಗೋ ಕುಡಿ. ಸಾಕಾ? ಸಾಕಂತೆ. ಬಾಯ್ ಒರ್ಸ್ಲಾ? ಒರ್ಸು ಅಂತಿದಾಳೆ," ಎಂದು ಪ್ರಶ್ನೆಯೂ ಉತ್ತರವೂ ಅವಳದೇ. ಮಗು ನೀರು ಕುಡಿದು ತೆಪ್ಪಗೆ ಆಟಕ್ಕೆ ಹೋಗುತ್ತಿತ್ತು.

ಜೂನ್ ತಿಂಗಳಲ್ಲಿ ಹಳೆಯ ಟೀಚರ್ ವಿಮಲಾಕ್ಷಿ ನಿವೃತ್ತರಾದರು. ಅವರ ಜಾಗಕ್ಕೆ ರಮ್ಯಶ್ರೀ ಎಂಬ ಇಪ್ಪತ್ತಾರು ವರ್ಷದ ಹುಡುಗಿ ಕೆ.ಆರ್. ಪುರದಿಂದ ಮೆಟ್ರೋ ಹತ್ತಿ ಬಂದಳು. ಕಡ್ಡಿಯಂಥ ಮೈ. ಹೆಗಲ ಚೀಲದಲ್ಲಿ ಪುಸ್ತಕವಿಲ್ಲ, ಎರಡು ಚೆಂಡು ಮತ್ತು ಸೀಮೆಸುಣ್ಣದ ಡಬ್ಬಿ. ಬಂದವಳೇ ಮಕ್ಕಳು ಕೂರುವ ಚಾಪೆಗಳನ್ನೆಲ್ಲ ಸುತ್ತಿ ಗೋಡೆಗೆ ನಿಲ್ಲಿಸಿದಳು.

"ಮಕ್ಳು ಎಲ್ಲಿ ಕೂತ್ಕೋತವೆ ಮಿಸ್ಸು?" ಎಂದಳು ಅಂಜಿನಮ್ಮ.

"ಕೂತ್ಕೊಳ್ಳಲ್ಲ ಅಮ್ಮ."

"ಮತ್ತೆ?"

"ಹಾರ್ತವೆ."

ಅಂಜಿನಮ್ಮ ಅಡುಗೆಕೋಣೆಗೆ ಹೋಗಿ ಈರುಳ್ಳಿ ಹೆಚ್ಚುತ್ತ, ಈ ಹುಡುಗಿ ಒಂದು ವಾರ ಇದ್ದರೆ ಹೆಚ್ಚು ಎಂದುಕೊಂಡಳು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಸೊನ್ನೆಗಳು ಬಿದ್ದವು. ಮಿಸ್ಸು 'ಒಳಗೆ' ಅನ್ನುತ್ತ ಒಳಗೆ ಹಾರುತ್ತಿದ್ದಳು, 'ಹೊರಗೆ' ಅನ್ನುತ್ತ ಹೊರಗೆ ಹಾರುತ್ತಿದ್ದಳು, ಹಿಂದೆಯೇ ಮೂವತ್ತು ಕಪ್ಪೆ. ಆನೆಯಂತೆ ಮೆಲ್ಲಗೆ, ಇಲಿಯಂತೆ ಬೇಗ. ಬೆಂಚಿನ ಮೇಲೆ, ಬೆಂಚಿನ ಕೆಳಗೆ. ಕೆಳಗೆ ಎನ್ನುವ ಮಾತು ಕಲಿಯಲು ಮಕ್ಕಳು ನಿಜವಾಗಿಯೂ ಬೆಂಚಿನ ಕೆಳಗೆ ತೆವಳಿ, ತಲೆ ತಾಗಿಸಿಕೊಂಡು, ಆಚೆ ಬಂದು, "ಕೆಳ್ಗೆ ಹೋಗಿದ್ದೆ ಮಿಸ್," ಎಂದು ತಲೆ ಉಜ್ಜಿಕೊಳ್ಳುತ್ತಿದ್ದವು. ಆಮೇಲೆ ಮಿಸ್ಸು ಆಟವನ್ನು ತಿರುಗಿಸಿ ಮಕ್ಕಳ ಕೈಗೇ ಅಧಿಕಾರ ಕೊಟ್ಟಳು. ಮಗು 'ನಡಿ' ಅಂದರೆ ಮಿಸ್ಸು ನಡೆಯಬೇಕು, 'ನಿಲ್ಲು' ಅಂದರೆ ಒಂದು ಕಾಲು ಎತ್ತಿದಲ್ಲೇ ಕಲ್ಲಾಗಬೇಕು. ಮನೆಯಲ್ಲಿ ತಮಿಳು ಆಡುವ ಮಕ್ಕಳು, ಉರ್ದು ಆಡುವ ಮಕ್ಕಳು, ಅಲ್ಲಿಯ ತನಕ 'ಉಚ್ಚೆ' ಬಿಟ್ಟು ಬೇರೆ ಕನ್ನಡ ಆಡದವು, ಟ್ರಾಫಿಕ್ ಪೊಲೀಸರ ಹಾಗೆ ಕೈ ಚಾಚಿ ಹುಕುಂ ಕೊಡತೊಡಗಿದವು. ಒಂದು ಪುಟಾಣಿ 'ನಿಲ್ಲು' ಅಂದ ಜೋರಿಗೆ ಹೊರಗೆ ಗಲ್ಲಿಯಲ್ಲಿ ಹೋಗುತ್ತಿದ್ದ ಎರಡು ಆಟೋ, ಒಂದು ಗ್ಯಾಸ್ ಗಾಡಿ ನಿಂತುಬಿಟ್ಟವು.

ಅಂಜಿನಮ್ಮನ ಕಥೆಗೆ ಗಿರಾಕಿ ಇಲ್ಲವಾಯಿತು. ಒಂದು ದಿನ ಅವಳು ತನ್ನ ಬಳಿ ಇದ್ದ ಕಥೆಗಳಲ್ಲೇ ಅತಿ ದೊಡ್ಡದನ್ನು ತೆಗೆದಳು. ಹಲಸೂರು ಕೆರೆಯಲ್ಲಿ ಸ್ನಾನಕ್ಕೆ ಬಂದ ಆನೆಯೊಂದು ಊರಿಗೆ ಹಿಂತಿರುಗಲು ಮೆಟ್ರೋ ಟಿಕೆಟ್ ತೆಗೆದುಕೊಂಡ ಕಥೆ. ಐದಾರು ಮಕ್ಕಳು ಬಾಗಿಲಿಗೆ ಬಂದು ಕೂತವು, ಮೋನಿಷಾ ಮುಂದಿನ ಸಾಲಿನಲ್ಲಿ. ಆನೆ ಎಸ್ಕಲೇಟರ್ ಮೇಲೆ ಮುಂದಿನ ಕಾಲು ಇಟ್ಟಿತ್ತು. ಅಷ್ಟರಲ್ಲಿ ಒಳಗೆ ಮಿಸ್ಸು ಎರಡು ಚಪ್ಪಾಳೆ ತಟ್ಟಿದಳು. ಮಕ್ಕಳು ಕೂತಲ್ಲಿಂದಲೇ ಕಪ್ಪೆಯಾಗಿ ಹಾರಿ ಹೋದವು. ಕೊನೆಗೆ ಉಳಿದವಳು ಮೋನಿಷಾ. ಅವಳು ಅಜ್ಜಿಯ ಮುಖ ನೋಡಿದಳು, ಒಳಗೆ ನೋಡಿದಳು, ಎದ್ದು ಹಾರಿದಳು. ಆನೆ ಎಸ್ಕಲೇಟರ್ ಮೇಲೆಯೇ ಉಳಿಯಿತು.

ಗಲ್ಲಿಯಾಚೆ ಅಂಗಡಿಯ ಮುಂದೆ ಹತ್ತಿ ತುಂಬುತ್ತ ಕೂತಿದ್ದ ಚಾಂದ್ ಪಾಷಾ ಇದನ್ನೆಲ್ಲ ನೋಡುತ್ತಿದ್ದ.

"ಏನ್ ಅಂಜಿನಮ್ಮಾ, ನಿಮ್ ಕಂಪ್ನಿ ಬಂದ್ ಆಯ್ತಂತೆ?"

"ಬಂದ್ ಯಾಕಾಗತ್ತೆ ಪಾಷಾ ಭಾಯ್? ಮಕ್ಳು ಕುಣೀಲಿ ಅಂತ ನಾನೇ ಬಿಟ್ಟಿದೀನಿ."

"ಹೌದೌದು. ಬಿಟ್ಟಿರೋದು ಯಾರು ಯಾರ್ನ ಅಂತ ಕಾಣ್ತಾ ಇದೆ."

"ನಿಮ್ ಹಾಸ್ಗೇಲಿ ತಿಗಣೆ ಇದೆ ಅಂತ ಊರೆಲ್ಲ ಹೇಳ್ಬಿಡ್ತೀನಿ ನೋಡಿ."

"ಹೇಳಿ ಹೇಳಿ. ಕೇಳೋಕ್ ಯಾರಾದ್ರೂ ಉಳ್ದಿದ್ರೆ," ಎಂದ ಚಾಂದ್ ಪಾಷಾ ಸೂಜಿಗೆ ದಾರ ಪೋಣಿಸುತ್ತ.

ಜುಲೈನಲ್ಲಿ ರಮ್ಯಶ್ರೀ ಮನೆಯಿಂದ ಒಂದು ಹಳೆಯ ಹಸಿರು ಬೆಡ್‌ಶೀಟ್ ತಂದಳು. ಅದನ್ನು ನೆಲದ ಮೇಲೆ ಹಾಸಿ, ಒಂದು ಮಗುವನ್ನು ಮೇಲೆ ಕೂರಿಸಿ, ಅಂಚು ಹಿಡಿದು ಗಾಡಿಯಂತೆ ಎಳೆಯುತ್ತಿದ್ದಳು. ನಾಲ್ಕು ಹೆಜ್ಜೆ ಎಳೆದು ನಿಲ್ಲಿಸುತ್ತಿದ್ದಳು. ನಿಲ್ಲಿಸಿ, ಮಗುವಿನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅದರ ಮುಖ ನೋಡುತ್ತ ಸುಮ್ಮನಿರುತ್ತಿದ್ದಳು. ಮಗು ಎಳಿ ಅಂದರೆ ಎಳೆಯುತ್ತಿದ್ದಳು. ಮಾತು ಬಾರದ ಮಗು ಕುಂಡೆ ಕುಣಿಸಿದರೆ ಅದಕ್ಕೂ ಎಳೆಯುತ್ತಿದ್ದಳು. ಮೋನಿಷಾ ಮೊದಲ ವಾರ ಕುಂಡೆ ಕುಣಿಸಿದಳು. ಎರಡನೇ ವಾರ ಕೈ ಚಾಚಿದಳು.

ಮೂರನೇ ವಾರದ ಮಂಗಳವಾರ ಅಂಜಿನಮ್ಮ ಉಪ್ಪಿಟ್ಟು ತಿರುವುತ್ತಿದ್ದಳು. ಅಡುಗೆಕೋಣೆಯ ಕಿಟಕಿಯಿಂದ ಒಳಗಿನ ಹಾಲ್ ಪೂರ್ತಿ ಕಾಣುತ್ತಿತ್ತು. ಗಾಡಿ ನಿಂತಿತ್ತು. ಮೋನಿಷಾ ಕೈ ಚಾಚಿದಳು. ಮಿಸ್ಸು ಅಲುಗಲಿಲ್ಲ, ಸುಮ್ಮನೆ ನೋಡಿದಳು. ಮಗುವಿನ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು.

"ಎಳಿ."

ತುಂಬ ದಿನ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ಬಿಟ್ಟಂಥ ದನಿ. ಮಿಸ್ಸು ಎಳೆದಳು. ನಿಂತಳು.

"ಎಳಿ."

ಹದಿನಾಲ್ಕು ಸಲ. ಅಂಜಿನಮ್ಮ ಎಣಿಸಿದಳು. ಎಣಿಸುತ್ತ ಎಣಿಸುತ್ತ ಉಪ್ಪಿಟ್ಟು ತಳ ಹಿಡಿದು, ಸೀದು, ಹೊಗೆ ಹೊರಗೆ ಹೋಗಿ ಕೆರೆಯ ಮೇಲೆ ನಿಂತಿತು. ಆಚೆ ದಡದವರು ಮಳೆ ಬರುತ್ತದೆಂದು ಒಣಹಾಕಿದ ಬಟ್ಟೆ ಎತ್ತಿಕೊಂಡರು.

ಅವಳಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಒಂದು ಉಸಿರು ಒಳಗೆ ಎಳೆದುಕೊಳ್ಳುವಷ್ಟು ಹೊತ್ತು ಸಂತೋಷವಾಯಿತು. ಆ ಉಸಿರು ಹೊರಗೆ ಬರುವಷ್ಟರಲ್ಲಿ ಅದು ಹೊಟ್ಟೆಕಿಚ್ಚಾಗಿತ್ತು. ಅವತ್ತು ಗ್ಯಾಸ್ ಆರಿಸಿ ಅವಳ ಹೊಟ್ಟೆಯ ಮೇಲೆ ಪಾತ್ರೆ ಇಟ್ಟಿದ್ದರೂ ಮೂವತ್ತು ಮಕ್ಕಳಿಗೆ ಅನ್ನ ಬೇಯುತ್ತಿತ್ತು. ಮೂರು ವರ್ಷ ಸೊಂಟದ ಮೇಲೆ ಹೊತ್ತವಳು ನಾನು. ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡವಳು ನಾನು. ನಿನ್ನೆ ಮೊನ್ನೆ ಬಂದ ಈ ಕಡ್ಡಿಗೆ, ಅದೂ ಬಾಯಿ ಬಿಟ್ಟು ಒಂದು ಮಾತು ಆಡದೆ ಕೂತವಳಿಗೆ, ಮೊದಲ ಮಾತು ಹೋಯಿತಲ್ಲ.

ಸಂಜೆ ಮುರಳಿ ಮೈಸೂರ್‌ಪಾಕಿನ ಡಬ್ಬಿ ತಂದು ಮಿಸ್ಸಿಗೆ ಕೊಟ್ಟ. ಮನೆಗೆ ಬಂದು ತಾಯಿಗೆ ಹೇಳಿದ, "ಮಿಸ್ಸು ಮಾತಾಡ್ಸೇಬಿಟ್ರಲ್ಲಮ್ಮ."

"ಮೂರ್ ವರ್ಷ ಬಜೆ ತೇಯ್ದಿದ್ದು ಯಾರು?"

"ನೀನೇ. ಇಲ್ಲ ಅಂದ್ನಾ?"

"ಒಲೆ ಹಚ್ಚಿ ಅನ್ನ ಬೇಯ್ಸಿದ್ದು ನಾನು. ಅವ್ಳು ಬಂದು ಮುಚ್ಳ ತೆಗದ್ಲು ಅಷ್ಟೆ. ಅದಕ್ಕೆ ಮೈಸೂರ್‌ಪಾಕ್ ಅವ್ಳಿಗೆ."

"ನಿಂಗೂ ತಂದಿದೀನಿ ತಗೋಮ್ಮ."

"ನಂಗ್ ಶುಗರ್ ಇದೆ," ಎಂದಳು ಅಂಜಿನಮ್ಮ. ಅವಳಿಗೆ ಶುಗರ್ ಇರಲಿಲ್ಲ.

ಅವನು ಕೆಲಸಕ್ಕೆ ಮರಳಿದ ಮೇಲೆ ಅವಳು ಬಾಗಿಲು ಹಾಕಿ, ಬೀರುವಿನಿಂದ ಮಗನ ಮದುವೆಗೆ ಬಂದಿದ್ದ ಹೊಸ ಬೆಡ್‌ಶೀಟ್ ತೆಗೆದು ಹಾಸಿದಳು. ಮಿಸ್ಸಿನದು ಹರಕಲು ಹಸಿರು, ತನ್ನದು ಗುಲಾಬಿ ಹೂವಿನದು. ಮೋನಿಷಾ ಖುಷಿಯಿಂದ ಹತ್ತಿ ಕೂತಳು. ಅಂಜಿನಮ್ಮ ನಾಲ್ಕು ಹೆಜ್ಜೆ ಎಳೆದು ನಿಲ್ಲಿಸಿ ಎದುರಿಗೆ ಕೂತಳು.

"ಏನನ್ಬೇಕು ಬಂಗಾರಿ? ಎಳಿ ಅನ್ಬೇಕು. ಎಳಿ ಅಜ್ಜಿ ಅನ್ನು. ಅಲ್ಲಿ ಅಂದ್ಯಲ್ಲ, ಇಲ್ಲೂ ಅನ್ನು. ಅಜ್ಜಿ ಅನ್ನೋದೇ ಸುಲ್ಭ, ಅ... ಜ್ಜಿ... ಎಳೀಲಾ? ಅನ್ನು ಮತ್ತೆ. ಅನ್ನಲ್ವಾ? ಎಳೀತೀನಿ ಬಿಡು, ಪಾಪ. ಎಳದೆ ನೋಡು. ಈಗ ಅನ್ನು..."

ಮೋನಿಷಾ ಬಾಯಿ ತೆರೆಯುವಂತೆ ಮಾಡಿದಳು. ಮುಚ್ಚಿದಳು. ಮತ್ತೆ ತೆರೆದಳು. ಅಜ್ಜಿಯ ಮಾತಿನಲ್ಲಿ ಎಲ್ಲಿಯೂ ಸಂದು ಕಾಣಲಿಲ್ಲ. ಕೊನೆಗೆ ಇಳಿದು ಬೆಕ್ಕಿನ ಹಿಂದೆ ಹೋದಳು. ಗುಲಾಬಿ ಹೂವಿನ ನಡುವೆ ಅಂಜಿನಮ್ಮ ಒಬ್ಬಳೇ ಉಳಿದಳು.

ಮಾರನೇ ದಿನ ಅಂಗನವಾಡಿಯಲ್ಲಿ ಅದೇ ಮಗು ಮಿಸ್ಸಿಗೆ 'ಎಳಿ' ಅಂದಿತು, ಜೊತೆಗೆ 'ಸಾಕು' ಎಂದೂ ಅಂದಿತು. ಎರಡನೇ ಮಾತೂ ಹೋಯಿತು.

ಗುರುವಾರ ಅಂಜಿನಮ್ಮ ಎಲ್ಲರಿಗಿಂತ ಮೊದಲು ಬಂದಳು. ಹಸಿರು ಬೆಡ್‌ಶೀಟನ್ನು ಸೋಪಿನ ನೀರಿನಲ್ಲಿ ನೆನೆಹಾಕಿದಳು. ಕೇಳಿದರೆ, "ಮಕ್ಳು ಉಚ್ಚೆ ಹೊಯ್ದಿದ್ವು ಮಿಸ್ಸು, ವಾಸ್ನೆ," ಎಂದಳು. ಒಗೆದು, ಒಣಗಿಸಿ, ಮಡಿಸಿ, ಯಾರೂ ಇಲ್ಲದ ಹೊತ್ತು ನೋಡಿ ಬೇಳೆ ಮೂಟೆಯ ಹಿಂದೆ ತುರುಕಿದಳು.

ಮೋನಿಷಾ ಬೆಡ್‌ಶೀಟ್ ಇರುತ್ತಿದ್ದ ಜಾಗಕ್ಕೆ ಬಂದು ನಿಂತಳು. ಕಾಲಿನಿಂದ ನೆಲ ಮುಟ್ಟಿ ನೋಡಿದಳು. ಮಿಸ್ಸು ಬದಲಿಗೆ ಗೋಣಿಚೀಲ ಹಾಸಿದಳು, ಮಗು ಬೇಡ ಎಂದು ತಲೆ ಅಲ್ಲಾಡಿಸಿತು. ಮಿಸ್ಸು ಚೆಂಡು ಉರುಳಿಸಿದಳು, ಮಗು ಅದನ್ನು ಮುಟ್ಟಲಿಲ್ಲ. ಹೋಗಿ ಗೋಡೆಗೆ ಒರಗಿ ಕೂತಿತು. ಅವತ್ತು ಮೋನಿಷಾಳ ಬಾಯಿಂದ ಒಂದು ಮಾತೂ ಇಲ್ಲ. ಅಂಜಿನಮ್ಮ ಕಿಟಕಿಯಿಂದ ನೋಡಿದಳು. ಅವತ್ತಿನ ಉಪ್ಪಿಟ್ಟು ಹತ್ತೊಂಬತ್ತು ವರ್ಷದಲ್ಲೇ ಅತ್ಯಂತ ರುಚಿಯಾಗಿತ್ತು. ತುಪ್ಪ ಹಾಕಿರಲಿಲ್ಲ, ಆದರೂ ಮಕ್ಕಳು ಬೆರಳು ನೆಕ್ಕಿದವು.

ಶುಕ್ರವಾರವೂ ಇಲ್ಲ. ಶನಿವಾರವೂ ಇಲ್ಲ. ಭಾನುವಾರ ಮನೆಯಲ್ಲಿ ಮುರಳಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಎಳಿ ಅನ್ನು ಪುಟ್ಟಿ, ಅಪ್ಪನ್ ಹತ್ರ ಒಂದ್ಸಲ," ಎಂದು ಎಷ್ಟು ಗೋಗರೆದರೂ ಮಗು ಅವನ ಅಂಗಿಯ ಗುಂಡಿ ತಿರುಗಿಸುತ್ತ ಕೂತಿತು. ಸೋಮವಾರ ಬೆಳಿಗ್ಗೆ ನೀರಿನ ಲೋಟದ ಕಡೆ ಕೂಡ ಕೈ ಎತ್ತಲಿಲ್ಲ. ಅಂಜಿನಮ್ಮ ತಾನಾಗಿ ಕೊಟ್ಟಾಗ ಕುಡಿಯಿತು, ಅಷ್ಟೇ. ಆಗ ಅಜ್ಜಿಯ ಹೊಟ್ಟೆಯಲ್ಲಿ ಉರಿಯುತ್ತಿದ್ದುದು ಸಟ್ಟನೆ ಆರಿ, ಅಲ್ಲಿ ಭಯ ಕೂತಿತು. ನನಗೆ ಸಿಗದ ಮಾತು ಯಾರಿಗೂ ಬೇಡ ಎಂದು ನಾನೇ ಕಿತ್ತುಬಿಟ್ಟೆನಾ.

ಸೋಮವಾರ ಮಕ್ಕಳು ಹಾಲು ಕುಡಿಯುತ್ತಿದ್ದಾಗ ರಮ್ಯಶ್ರೀ ಅಡುಗೆಕೋಣೆಗೆ ಬಂದಳು.

"ಬೆಡ್‌ಶೀಟ್ ಒಣಗ್ಲಿಲ್ವಾ ಅಮ್ಮ?"

"ಎಲ್ಲಿ ಮಿಸ್ಸು, ಮೋಡ."

"ನಾಲ್ಕು ದಿನದಿಂದ ಬಿಸ್ಲಲ್ಲಿ ತಲೆ ಕಾಯ್ತಿದೆ."

"ಹಲಸೂರ್ ಬಿಸ್ಲು ನಿಮಗ್ ಗೊತ್ತಿಲ್ಲ. ತಲೆ ಕಾಯ್ಸತ್ತೆ, ಬಟ್ಟೆ ಒಣಗ್ಸಲ್ಲ. ಒಂದ್ಸಲ ನಮ್ ಮಾವನ ಪಂಚೆ ಒಗೆದ್ ಹಾಕಿದ್ದು, ಅವ್ರ ತಿಥಿಗೂ ಒಣಗಿರ್ಲಿಲ್ಲ."

ರಮ್ಯಶ್ರೀ ನಗಲಿಲ್ಲ. ಬೇಳೆ ಮೂಟೆಯ ಹಿಂದಿನಿಂದ ಹಸಿರು ಅಂಚು ಇಣುಕುತ್ತಿತ್ತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅಂಜಿನಮ್ಮ ನೋಡಿದಳು.

ಸೌಟು ಕೆಳಗಿಟ್ಟು ಅಂಜಿನಮ್ಮ ಹೇಳಿದಳು, "ನಂಗ್ ಹೊಟ್ಟೆ ಉರೀತು ಮಿಸ್ಸು. ನಾನ್ ಸಾಕಿದ್ ಮಗು. ನಿಮ್ ಹತ್ರ ಮಾತಾಡ್ತು. ನಂಗ್ ತಡ್ಕೊಳ್ಳೋಕ್ ಆಗ್ಲಿಲ್ಲ."

"ಅದಕ್ಕೆ ನನ್ ಬೆಡ್‌ಶೀಟ್ ಬಚ್ಚಿಟ್ರಾ?"

"ಹೂಂ."

"ನಂಗೆ ಹೇಳ್ಬೋದಿತ್ತು."

"ಹೇಳೋದ್ ಹೆಂಗೆ? ನಿಮ್ಗೇನೋ ಮಂತ್ರ ಬರತ್ತೆ. ನಂಗ್ ಬರಲ್ಲ."

ರಮ್ಯಶ್ರೀ ಮೂಟೆಗೆ ಒರಗಿ ನಿಂತಳು. "ಮಂತ್ರ ಏನಿಲ್ಲಮ್ಮ. ಎಳೀತೀನಿ, ನಿಲ್ಲಿಸ್ತೀನಿ. ಆಮೇಲೆ ಬಾಯ್ ಮುಚ್ಕೊಂಡು ಮನ್ಸಲ್ಲಿ ಹತ್ತು ಎಣಿಸ್ತೀನಿ. ಗಾಡಿ ಮುಂದೆ ಹೋಗ್ಲಿ ಅಂತ ಮೈಯೆಲ್ಲ ಕುಣೀತಿರತ್ತೆ ಅವ್ಳಿಗೆ. ಆ ಹತ್ತು ಎಣಿಸೋದ್ರೊಳ್ಗೆ ಮಾತು ಬರತ್ತೆ."

"ಮಾತ್ ಕಲೀಬೇಕು ಅಂದ್ರೆ ನಾವ್ ಮಾತಾಡ್ಬೇಕಲ್ವಾ?"

"ಆಡಿದೀರಲ್ಲ, ಮೂರ್ ವರ್ಷ. ಅವ್ಳ ತಲೇಲಿರೋದೆಲ್ಲ ನಿಮ್ ಮಾತೇ ಅಮ್ಮ, ನಂದಲ್ಲ. ನೀವು ಆಡಿದ್ದು ಸಾಕಾಗಿದೆ. ಅವ್ಳ ಸರದಿ ಬಂದೇ ಇಲ್ಲ."

ಅಂಜಿನಮ್ಮನಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರೂ ಎರಡೂ ಕಂಡಿತು.

"ಹತ್ತೇ ಎಣಿಸ್ಬೇಕಾ? ಐದು ಸಾಲಲ್ವಾ?"

"ಹತ್ತು."

ಅಂಜಿನಮ್ಮ ಹುಟ್ಟಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಎಚ್ಚರವಿದ್ದು ಸುಮ್ಮನಿದ್ದ ದಾಖಲೆಯಿಲ್ಲ. ಹಲ್ಲು ಕೀಳಿಸಿಕೊಳ್ಳುವಾಗಲೂ ಡಾಕ್ಟರ ಎರಡು ಕೈ ಬಾಯಲ್ಲಿದ್ದಂತೆಯೇ ಅವರಿಗೆ ಮೂರು ಸಂಬಂಧ ಹೇಳಿ, ಒಂದನ್ನು ಗಟ್ಟಿ ಮಾಡಿದ್ದಳು. ಆದರೂ ಮೂಟೆಯ ಹಿಂದಿನಿಂದ ಬೆಡ್‌ಶೀಟ್ ಎಳೆದು, ಧೂಳು ಕೊಡವಿ, ಹಾಲ್‌ಗೆ ಬಂದಳು.

ಮೋನಿಷಾ ಗೋಡೆಗೆ ಒರಗಿ ಕೂತಿದ್ದಳು. ಹಸಿರು ಕಂಡೊಡನೆ ಎದ್ದಳು. ಅಂಜಿನಮ್ಮ ಬೆಡ್‌ಶೀಟ್ ಹಾಸಿ ಅಂಚು ಹಿಡಿದು ನಿಂತಳು. ಮಗು ಹತ್ತಿ ಕೂರಲಿಲ್ಲ. ಹತ್ತಿರ ಬಂದು, ಅಜ್ಜಿಯ ಕೈಯಿಂದ ಅಂಚು ಬಿಡಿಸಿಕೊಂಡು, ಬೆಡ್‌ಶೀಟಿನ ನಡುಭಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿತು.

'ನಾನ್ ಕೂತ್ಕೋಬೇಕಾ ಬಂಗಾರಿ, ನೀನ್ ಎಳೀತೀಯಾ, ನನ್ ತೂಕ ಎಷ್ಟ್ ಗೊತ್ತಾ' ಎಂಬಷ್ಟು ಮಾತು ಅಂಜಿನಮ್ಮನ ಹಲ್ಲಿನ ತನಕ ಬಂದಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕೂತಳು.

ಮೋನಿಷಾ ಎಳೆದಳು. ಎಂಬತ್ತೆರಡು ಕಿಲೋ. ಬೆಡ್‌ಶೀಟ್ ಮಿಸುಕಲಿಲ್ಲ.

ಅಂಜಿನಮ್ಮ ಎಣಿಸಿದಳು. ಒಂದು, ಎರಡು. ಮೂರಕ್ಕೆ ಗಂಟಲಲ್ಲಿ ಮಾತುಗಳು ಶಿವಾಜಿನಗರದ ಬಸ್ಸಿಗೆ ಜನ ಮುಗಿಬಿದ್ದ ಹಾಗೆ ನೂಕಾಡಿದವು. ಐದಕ್ಕೆ ಕಿವಿ ಗುಂಯ್ ಎಂದಿತು. ಆರಕ್ಕೆ ಕಣ್ಣಲ್ಲಿ ನೀರು ತುಂಬಿತು. ಮೇಲೆ ಎರಡು ಮೆಟ್ರೋ ಹೋದವು, ದೀಪಾವಳಿ ಕಳೆಯಿತು, ಇಬ್ಬನಿ ಕಾಲ ಬಂದು ಹೋಯಿತು, ಅವಳಿನ್ನೂ ಏಳರಲ್ಲಿದ್ದಳು. ಮಗು ಹಿಮ್ಮಡಿ ಊರಿ, ಮುಖ ಕೆಂಪಗೆ ಮಾಡಿಕೊಂಡು, ಜೋರಾಗಿ ಎಳೆಯಹೋಗಿ, ಅಂಚು ಜಾರಿ ದೊಪ್ಪನೆ ಕುಂಡೆಯ ಮೇಲೆ ಬಿತ್ತು. ಅಯ್ಯೋ ಬಿದ್ಯಾ ಕಂದಾ ಎನ್ನಲು ಅಂಜಿನಮ್ಮನ ಮೈಯ ಒಂದೊಂದು ಕೂದಲೂ ಎದ್ದು ನಿಂತಿತು. ಅವಳು ಸೆರಗನ್ನು ಕಚ್ಚಿದಳು. ಮಕ್ಕಳು ಹಾಲಿನ ಲೋಟ ಹಿಡಿದುಕೊಂಡು ಸುತ್ತ ನಿಂತಿದ್ದವು. ಎಂಟು. ಒಂಬತ್ತು.

ಮೋನಿಷಾ ಎದ್ದಳು. ಲಂಗ ಕೊಡವಿಕೊಂಡಳು. ಸೊಂಟದ ಮೇಲೆ ಕೈ ಇಟ್ಟು ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಿ ದಪ್ಪ."

ಹಾಲ್‌ನಲ್ಲಿ ಒಂದು ಮಗು ನಕ್ಕಿತು, ಆಮೇಲೆ ಎಲ್ಲವೂ ನಕ್ಕವು. ಅಂಜಿನಮ್ಮನ ಕಣ್ಣಿಂದ ನೀರು ಬಳಬಳನೆ ಇಳಿದು ಸೆರಗಿನ ಮುದ್ದೆ ಒದ್ದೆಯಾಯಿತು. ಆ ಅಳುವಿನ ನಡುವೆಯೂ ಅವಳು ತಲೆ ತಿರುಗಿಸಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಮಿಸ್ಸನ್ನು ಒಮ್ಮೆ ನೋಡಿದಳು. ನಿನಗೆ ಒಂದೊಂದೇ ಮಾತು, ನನಗೆ ಎರಡು ಕೂಡಿಸಿ, ಅದೂ ಹೆಸರು ಹಿಡಿದು, ಎನ್ನುವಂತಿತ್ತು ಆ ನೋಟ. ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟರೆ ಮಗುವಿನ ಸರದಿ ಎಲ್ಲಿ ಮುಗಿದುಹೋಗುತ್ತದೋ ಎಂದು ಹೆದರಿದಳು.

ಅಷ್ಟರಲ್ಲಿ ಮೋನಿಷಾ ಬಾಗಿಲ ಕಡೆ ತಿರುಗಿ ಕೈ ಬೀಸಿದಳು. "ಮಿಸ್ ಬಾ. ಎಳಿ."

ಆರಿದ್ದ ಕಿಚ್ಚು ಅಂಜಿನಮ್ಮನ ಹೊಟ್ಟೆಯಲ್ಲಿ ಒಂದು ಬೆಂಕಿಕಡ್ಡಿಯಷ್ಟು ಮತ್ತೆ ಹತ್ತಿತು. ರಮ್ಯಶ್ರೀ ಓಡಿ ಬಂದು ಅಂಚು ಹಿಡಿದಳು. ಇಬ್ಬರೂ ಸೇರಿ ಎಳೆದಾಗ ಬೆಡ್‌ಶೀಟ್ ಸರಸರನೆ ಜಾರಿತು. ಅಂಜಿನಮ್ಮ ಹಾಲ್‌ನ ಈ ಕೊನೆಯಿಂದ ಆ ಕೊನೆಗೆ ತೇರಿನಂತೆ ಸಾಗಿ, ಗೋಡೆಗೆ ಸುತ್ತಿಟ್ಟ ಚಾಪೆಗಳಿಗೆ ಡಿಕ್ಕಿ ಹೊಡೆದು ನಿಂತಳು. ಮಕ್ಕಳು ಕೇಕೆ ಹಾಕಿದವು.

ಮೋನಿಷಾ ಮಿಸ್ಸಿನ ಕೈ ಮೇಲೆ ಒಂದು ಏಟು ಹಾಕಿದಳು.

"ಮಿಸ್ ಬೇಡ. ನಾನು."

ರಮ್ಯಶ್ರೀ ಅಂಚು ಬಿಟ್ಟು ಹಿಂದೆ ಸರಿದಳು. ನಗುತ್ತಲೇ ಇದ್ದಳು, ಆದರೆ ಆ ನಗುವಿನ ತುದಿಯಲ್ಲಿ ಮುಖ ಒಂದು ಚೂರು ಸಣ್ಣಗಾಯಿತು. ಬೇರೆಯವರಿಗೆ ಕಾಣುವಂಥದ್ದಲ್ಲ. ಅಂಜಿನಮ್ಮನಿಗೆ ಕಂಡಿತು. ಒಂದು ತಿಂಗಳಿಂದ ಆ ಮುಖವನ್ನು ಅವಳು ಮನೆಯ ಕನ್ನಡಿಯಲ್ಲಿ ದಿನಾ ನೋಡಿದ್ದಳು. ಅವಳಿಗೆ ಮೊದಲು ಮೈತುಂಬ ಸುಖವಾಯಿತು, ಅದನ್ನು ಪೂರ್ತಿ ಅನುಭವಿಸಿದಳು. ಆಮೇಲೆ ಪಕ್ಕಕ್ಕೆ ಸರಿದು, ಬೆಡ್‌ಶೀಟಿನ ಮೇಲೆ ತನ್ನ ಮಗ್ಗುಲಲ್ಲಿ ಜಾಗ ಮಾಡಿ, ಅಂಗೈಯಿಂದ ಎರಡು ಸಲ ತಟ್ಟಿದಳು.

ಮಿಸ್ಸು ಬಂದು ಪಕ್ಕದಲ್ಲಿ ಕೂತಳು.

ಮೋನಿಷಾ ಎರಡು ಕೈಯಲ್ಲೂ ಅಂಚು ಸುತ್ತಿಕೊಂಡು ನಿಂತು ಇಬ್ಬರನ್ನೂ ನೋಡಿದಳು. ಇಷ್ಟು ಭಾರ ಎಳೆಯಲಾಗದು, ಯಾರಾದರೂ ಇಳಿಯಲೇಬೇಕು ಎಂಬುದು ಅವಳಿಗೆ ಹೊಳೆಯುತ್ತಿರುವುದು ಮುಖದಲ್ಲೇ ಕಂಡಿತು. ಯಾರಿಗೆ ಮೊದಲು 'ಇಳಿ' ಅನ್ನುತ್ತಾಳೋ ಎಂದು ಅಂಜಿನಮ್ಮ ಓರೆಗಣ್ಣಿನಲ್ಲಿ ಮಿಸ್ಸನ್ನು ನೋಡಿದಳು. ಮಿಸ್ಸೂ ಓರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದಳು. ಇಬ್ಬರೂ ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ, ಒಂದರ್ಧ ಎಣಿಕೆಯೂ ಬಿಡದೆ, ಒಂದರಿಂದ ಶುರು ಮಾಡಿದರು.